ಯಾರೂ ಮೀಯದ ಬಿಸಿನೀರು

೧೯೮೬, ಮಾರ್ಚ್ ೧

ಬೆಳಿಗ್ಗೆ ಎಂಟಕ್ಕೆ ೨೯ ಡಿಗ್ರಿ. ಮಧ್ಯಾಹ್ನ ಒಂದಕ್ಕೆ ೫೧. ಸಂಜೆ ಐದಕ್ಕೆ ೫೭.

ಅಂಕಿಗಳನ್ನು ಬಿಡಿ ಹಾಳೆಯಲ್ಲಿ ಬರೆದು ಗುರುಸಿದ್ದಯ್ಯನವರಿಗೆ ಕೊಟ್ಟರೆ ನನ್ನ ಕೆಲಸ ಮುಗಿಯಿತು. ಆದರೆ ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಹನ್ನೊಂದು ವರ್ಷ ಹುಡುಗರ ರೆಕಾರ್ಡು ತಿದ್ದಿದವನಿಗೆ ತನ್ನದೂ ಒಂದು ಇರಲಿ ಅನ್ನಿಸುತ್ತದೆ. ಅದಕ್ಕೇ ಈ ಪುಸ್ತಕ. ಇದನ್ನು ಯಾರೂ ತಿದ್ದುವುದಿಲ್ಲ.

ಸೋಲಾರ್ ಪ್ಯಾನೆಲ್ಲಿನ ವಿನ್ಯಾಸ ಮೆಕ್ಯಾನಿಕಲ್ ಲೆಕ್ಚರರ್ ಗುರುಸಿದ್ದಯ್ಯನವರದು, ಬೆಸುಗೆ ನನ್ನದು. ಬಾಗಿಲಿನಷ್ಟು ದೊಡ್ಡ ಪೆಟ್ಟಿಗೆ, ಒಳಗೆ ಕಪ್ಪು ಬಳಿದ ತಾಮ್ರದ ಕೊಳವೆಗಳು, ಮೇಲೊಂದು ಗಾಜು. ಅದಕ್ಕಿಂತ ಎತ್ತರದಲ್ಲಿ ದಪ್ಪ ಹೊದಿಕೆಯ ಡ್ರಮ್ಮು. ನೀರು ಡ್ರಮ್ಮಿನಿಂದ ಪ್ಯಾನೆಲ್ಲಿಗೆ ಇಳಿದು, ಬಿಸಿಲಿಗೆ ಕಾದು, ತಾನೇ ಮೇಲೇರಿ ಮತ್ತೆ ಡ್ರಮ್ಮು ಸೇರುತ್ತದೆ. ಮೋಟರಿಲ್ಲ, ಕರೆಂಟಿಲ್ಲ, ಸೌದೆಯಿಲ್ಲ. ನಮ್ಮ ಚಾವಣಿಯ ಮೇಲೆ ಏಪ್ರಿಲ್ ಕೊನೆಯವರೆಗೆ ಒಂದು ದಿನವೂ ತಪ್ಪದೆ ಅಳತೆ ತೆಗೆದರೆ ವರದಿ ಮೇಲಕ್ಕೆ ಹೋಗುತ್ತದೆ. ಅದರಲ್ಲಿ ನನ್ನ ಹೆಸರೂ ಇರುತ್ತದೆ. ಬಸವೇಶ್ವರನಗರದ ಈ ಬೀದಿಯವರಿಗೆ ಅದರ ಬೆಲೆ ಏನು ಗೊತ್ತು? ಎದುರು ಮನೆಯವರು ನಿನ್ನೆ, "ಹಪ್ಪಳ ಒಣಗಿಸೋ ಪೆಟ್ಟಿಗೇನಾ ಸಾರ್?" ಎಂದರು.

ವತ್ಸಲಾ ಎಂಟು ತಿಂಗಳ ಬಸುರಿ. ಅವಳಿಗೆ ತಾಯಿಯಿಲ್ಲ. ತವರು ಅಂದರೆ ಕೆಂಗೇರಿಯಲ್ಲಿರುವ ಅಣ್ಣ ಪದ್ಮನಾಭ ಒಬ್ಬನೇ, ಅವನಿಗೆ ಇನ್ನೂ ಮದುವೆಯಾಗಿಲ್ಲ. ಹೀಗಾಗಿ ಬಾಣಂತನ ಇಲ್ಲೇ. ತಾಯಿಗೂ ಮಗುವಿಗೂ ನೀರು ಹಾಕಲು ಬಾಪೂಜಿನಗರದ ಅಕ್ಕಯ್ಯಮ್ಮನನ್ನು ಗೊತ್ತು ಮಾಡಿದ್ದೇನೆ. "ಒಂದ್ ಹಂಡೆ ನೀರು ಯಾತಕ್ಕೂ ಸಾಲಕಿಲ್ಲ ಸಾಮಿ" ಎಂದು ಎಚ್ಚರಿಸಿ ಹೋದಳು. ಇನ್ನೂರು ಲೀಟರು ಕೊಡುತ್ತೇನೆ, ನೋಡಲಿ.

ಒಂದು ಗಂಟೆಯ ಅಳತೆ ವತ್ಸಲಾಳದು. ನಾನು ಕೆಲಸದಲ್ಲಿರುವಾಗ, ಡ್ರಮ್ಮಿನಿಂದ ಇಳಿಯುವ ಬಚ್ಚಲ ನಲ್ಲಿಯಿಂದ ಒಂದು ಚೊಂಬು ಹಿಡಿದು, ಥರ್ಮಾಮೀಟರ್ ಅದ್ದಿ, ಹಜಾರದ ಗಡಿಯಾರ ನೋಡಿ ಬರೆದಿಡುತ್ತಾಳೆ. ಅರ್ಧ ಡಿಗ್ರಿ, ಅರ್ಧ ನಿಮಿಷ ಆಚೀಚೆ ಆಗುವುದಿಲ್ಲ. ನನ್ನ ವಿದ್ಯಾರ್ಥಿಗಳು ಇವಳ ಹತ್ತಿರ ಕಲಿಯಬೇಕು.

ಮಾರ್ಚ್ ೭

ಎಂಟಕ್ಕೆ ೩೦. ಒಂದಕ್ಕೆ ೫೩. ಐದಕ್ಕೆ ೫೬.

ನಲ್ಲಿ ಬಂದು ನಾಲ್ಕು ದಿನವಾಯಿತು. ಮನೆಯ ಬಳಕೆಗಿದ್ದ ಕೆಳಗಿನ ತೊಟ್ಟಿ ತಳ ಕಂಡಿದೆ. ಐದರ ಅಳತೆ ಆದ ಮೇಲೆ ಡ್ರಮ್ಮಿನ ನೀರನ್ನೂ ಪಾತ್ರೆ ತೊಳೆಯಲು ಬಿಟ್ಟುಕೊಡಬೇಕಾಯಿತು. ಹೊಟ್ಟೆ ಉರಿಯಿತು.

ನೀರಿಲ್ಲದ ಪ್ಯಾನೆಲ್ಲು ಅಪಾಯ. ಒಳಗೆ ನೀರಿದ್ದರೆ ಬಿಸಿಲಿನ ಕಾವನ್ನು ಅದು ಹೊತ್ತುಕೊಂಡು ಹೋಗುತ್ತದೆ. ಇಲ್ಲದಿದ್ದರೆ ತಾಮ್ರ ಸುಮ್ಮನೆ ಕಾಯುತ್ತ ಕೂರುತ್ತದೆ. ಹಾಗೆ ಕಾದಿರುವಾಗ ತಣ್ಣೀರು ಒಮ್ಮೆಲೇ ನುಗ್ಗಿದರೆ ಬೆಸುಗೆ ಬಿಟ್ಟು, ಆವಿ ಚಿಮ್ಮಿ, ಗಾಜು ಒಡೆಯುತ್ತದೆ. ನಮ್ಮ ನಲ್ಲಿಯೋ ಮಟಮಟ ಮಧ್ಯಾಹ್ನ ಬಂದು ಒಂದು ಗಂಟೆಯಲ್ಲಿ ನಿಂತುಹೋಗುವಂಥದ್ದು. ಗಾಜಿಗೆ ಗೋಣಿ ಹೊದಿಸಿ, ಪಕ್ಕದಲ್ಲೇ ಕೂತು, ನೀರನ್ನು ದಾರದ ಎಳೆಯಂತೆ ಬಿಡಬೇಕು. ಆತುರ ಕೂಡದು.

ವತ್ಸಲಾಗೆ ಇದನ್ನೆಲ್ಲ ವಿವರಿಸಿದೆ. ಕಾಲು ಚಾಚಿ ಕೂತು ಕೇಳಿದಳು. ಕಾಲು ಸ್ವಲ್ಪ ಊದಿದೆ.

"ರೀ, ಹುಟ್ಟೋ ಮಗೂನ ಇಷ್ಟು ಜೋಪಾನವಾಗಿ ನೋಡ್ಕೋತೀರಾ?" ಎಂದಳು.

"ಮಗು ಒಡೆಯಲ್ಲ ಕಣೇ" ಎಂದೆ. ಇಬ್ಬರೂ ನಕ್ಕೆವು.

ಮಾರ್ಚ್ ೮, ಎರಡನೆಯ ಶನಿವಾರ, ರಜಾ (ಚಾವಣಿಯ ಮೇಲೆ ಕೂತು ಬರೆದದ್ದು)

ಎಂಟಕ್ಕೆ ಡ್ರಮ್ಮು ಖಾಲಿ. ಇವತ್ತು ಒಂದರ ಅಳತೆಯಾದರೂ ಸಿಗಬೇಕು.

೧೨.೧೫ – ಕೊಳವೆಯಲ್ಲಿ ಗಾಳಿಯ ಸದ್ದು. ಪ್ಯಾನೆಲ್ಲು ಒಣಗಿ ಕಾದಿದೆ. ಗೋಣಿ ಹೊದಿಸಿದೆ.

೧೨.೨೦ – ನೀರು ಬಂತು. ನಲ್ಲಿಯನ್ನು ಎಳೆಯಷ್ಟೇ ತಿರುಗಿಸಿದೆ. ವತ್ಸಲಾ ಕೆಳಗಿನಿಂದ ಕರೆದಳು. ಬಂದೆ ಅಂದೆ.

೧೨.೩೫ – ಕಾಲು ಭಾಗ. ಕೊಳವೆ ಕಟಕಟ ಅನ್ನುತ್ತಿದೆ, ಆದರೆ ತಡೆಯುತ್ತಿದೆ. ಮತ್ತೆ ಕರೆದಳು. ಊಟಕ್ಕಿರಬೇಕು. ಬಂದೆ ಬಂದೆ ಅಂದೆ.

೧.೦೨ – ಪ್ಯಾನೆಲ್ಲು ತುಂಬಿತು, ಇನ್ನು ನೀರು ತಾನೇ ಡ್ರಮ್ಮಿಗೆ ಏರುತ್ತದೆ. ಒಂದು ಬೆಸುಗೆಯೂ ಬಿಟ್ಟಿಲ್ಲ, ಗಾಜಿಗೆ ಒಂದು ಗೀರಿಲ್ಲ. ಗುರುಸಿದ್ದಯ್ಯನವರಿಗೆ ಹೇಳಬೇಕು. ಇಳಿಯುತ್ತೇನೆ.

ಮಾರ್ಚ್ ೧೪

ಎಂಟಕ್ಕೆ ೪೬. ಐದಕ್ಕೆ ೬೩.

ನಡುವಿನ ದಿನಗಳ ಅಳತೆ ಇಲ್ಲ. ಆಸ್ಪತ್ರೆಯಲ್ಲಿದ್ದೆ. ನಿನ್ನೆ ಸಂಜೆ ವತ್ಸಲಾಳನ್ನು ಮನೆಗೆ ಕರೆತಂದೆವು.

ಹೆಣ್ಣು ಮಗು. ಅಳಲಿಲ್ಲ. ಹೊಟ್ಟೆಯಲ್ಲೇ ಹೋಗಿತ್ತು ಎಂದರು. ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟರು, ಪದ್ಮನಾಭ ಎತ್ತಿಕೊಂಡ. ರುದ್ರಭೂಮಿಯವರೆಗೂ ಅವನೇ ಎತ್ತಿಕೊಂಡಿದ್ದ. ನಾನು ಕೇಳಲಿಲ್ಲ, ಅವನೂ ಕೊಡಲಿಲ್ಲ.

ಆವತ್ತು ಡಾಕ್ಟರಮ್ಮ, "ರಕ್ತ ಹೋಗೋಕೆ ಶುರುವಾಗಿ ಎಷ್ಟು ಹೊತ್ತಾಯ್ತು?" ಎಂದು ಕೇಳಿದರು. ಹತ್ತು ನಿಮಿಷ, ತಕ್ಷಣ ಆಟೋ ಹಿಡಿದು ಬಂದೆವು ಎಂದೆ. ಅವರು ನನ್ನ ಮುಖ ನೋಡಿ, "ಒಂದರ್ಧ ಗಂಟೆ ಮುಂಚೆ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು" ಎಂದರು. ವತ್ಸಲಾ ಸ್ಟ್ರೆಚರಿನ ಮೇಲಿದ್ದಳು, ಕಣ್ಣು ತೆರೆದೇ ಇತ್ತು. ನೋವಿನಲ್ಲಿರುವವರಿಗೆ ಹೊತ್ತಿನ ಪರಿವೆ ಇರುವುದಿಲ್ಲ.

ಅಳತೆ ತಪ್ಪಿದ್ದಕ್ಕೆ 'ಅನಿವಾರ್ಯ ಕಾರಣ' ಎಂದು ಬರೆದರೆ ಸಾಕಂತೆ, ವರದಿಗೆ ಏನೂ ತೊಂದರೆಯಿಲ್ಲವಂತೆ. ಗುರುಸಿದ್ದಯ್ಯನವರು ಹೇಳಿ ಕಳಿಸಿದ್ದಾರೆ. ಅಷ್ಟು ಸುಲಭ.

ಮಾರ್ಚ್ ೧೬

ಎಂಟಕ್ಕೆ ೫೦. ಒಂದಕ್ಕೆ ೬೩. ಐದಕ್ಕೆ ೬೭.

ಮಗುವಿಲ್ಲದಿದ್ದರೂ ಬಾಣಂತಿ ಬಾಣಂತಿಯೇ ಎಂದು ಅಕ್ಕಯ್ಯಮ್ಮ ಬರುತ್ತಿದ್ದಾಳೆ. ಎಣ್ಣೆ, ನೀರು, ಸಾಂಬ್ರಾಣಿ ಹೊಗೆ ಎಲ್ಲ ಕ್ರಮವಾಗಿ ನಡೆಯುತ್ತಿದೆ. ಈ ಬೆಳಿಗ್ಗೆ ಬಾಗಿಲ ಹತ್ತಿರ ನಿಂತು, "ಸಾಮಿ, ಮಲ್ಗೆ ಹೂವ ತಂದ್ಕೊಡಿ, ನಾಕ್ ಮೊಳ" ಎಂದಳು.

ನನಗೆ ಸಿಟ್ಟು ಬಂತು. ಸೂತಕದ ಮನೆಯಲ್ಲಿ ಯಾರಿಗೆ ಮುಡಿಸಲು ಹೂವು? ಹಾಗಂತ ಕೇಳಿಯೂಬಿಟ್ಟೆ.

"ಮುಡ್ಸಕ್ಕಲ್ಲ. ತಂದ್ಕೊಡಿ ಅಂದ್ರೆ ತಂದ್ಕೊಡಿ" ಎಂದು ಒಳಗೆ ಹೋದಳು.

ತಂದುಕೊಟ್ಟೆ. ಸಂಜೆ ಬಚ್ಚಲ ಮೂಲೆಯಲ್ಲಿ ಹೂವು ಬಾಡಿ ಕಂದಾಗಿ ಬಿದ್ದಿತ್ತು. ಉದ್ದನೆಯ ಬಟ್ಟೆಯ ಪಟ್ಟಿಯೂ ಇತ್ತು. ಹಾಲು ಇಂಗಲಿ ಎಂದು ಎದೆಗೆ ಮಲ್ಲಿಗೆ ಕಟ್ಟುತ್ತಾರಂತೆ. ನನಗೆ ತಿಳಿದಿರಲಿಲ್ಲ. ಆ ಪಟ್ಟಿಯನ್ನು ಎತ್ತಿ ನೋಡಿದೆ, ತೇವವಾಗಿತ್ತು. ಕೈ ತೊಳೆದುಕೊಳ್ಳಲು ಮನಸ್ಸಾಗಲಿಲ್ಲ.

ಮಾರ್ಚ್ ೨೧

ಎಂಟಕ್ಕೆ ೫೮. ಐದಕ್ಕೆ ೭೧.

ಅಕ್ಕಯ್ಯಮ್ಮನ ಜೊತೆ ಜಗಳ. ಮೇಲೆ ಇನ್ನೂರು ಲೀಟರು ಬಿಸಿನೀರು ತುಂಬಿಕೊಂಡಿದೆ, ಇವಳು ಬಚ್ಚಲಲ್ಲಿ ಹಂಡೆಗೆ ಸೌದೆ ಒಟ್ಟಿ ಮನೆಯೆಲ್ಲ ಹೊಗೆ ಎಬ್ಬಿಸುತ್ತಾಳೆ. ನಲ್ಲಿ ತಿರುಗಿಸಿ, ಥರ್ಮಾಮೀಟರ್ ಅದ್ದಿ ತೋರಿಸಿದೆ.

"ಆ ಗಾಜಿನ್ ಕಡ್ಡಿ ನಂಗ್ಯಾಕೆ? ನಾನು ಮೊಣಕೈ ಅದ್ದಿ ನೋಡ್ತೀನಿ, ನಂಗೊತ್ತಾಯ್ತದೆ" ಎಂದಳು.

"ಬಿಸಿ ಅಂದ್ರೆ ಬಿಸಿ. ಸೌದೇಲಿ ಕಾದ್ರೇನು, ಬಿಸಿಲಲ್ಲಿ ಕಾದ್ರೇನು?"

"ಅದ್ ನಿಮ್ಗೆ ಸಾಮಿ" ಎಂದಳು. ಈ ಹೆಂಗಸರ ಮೂಢನಂಬಿಕೆಗೆ ಯಾವ ಥರ್ಮಾಮೀಟರೂ ಮದ್ದಲ್ಲ.

ವತ್ಸಲಾ ಬಚ್ಚಲ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ನನ್ನೊಡನೆ ಮಾತಾಡುವುದಿಲ್ಲ ಅಂತಲ್ಲ. ಕೇಳಿದ್ದಕ್ಕೆ ಹೂಂ, ಊಹೂಂ ಅನ್ನುತ್ತಾಳೆ. ತಾನಾಗಿ ಏನಾದರೂ ಬೇಕಿದ್ದರೆ ಅಕ್ಕಯ್ಯಮ್ಮನ ಕೈಲಿ ಹೇಳಿಸುತ್ತಾಳೆ.

ಒಂದು ಗಂಟೆಯ ಜಾಗ ಖಾಲಿ ಬಿಡಲಾಗದು. ಎಂಟರದಕ್ಕೂ ಐದರದಕ್ಕೂ ನಡುವೆ ಹೊಂದುವಂತೆ ೬೫ ಎಂದು ವರದಿಯ ಹಾಳೆಗೆ ಬರೆದೆ. ಇಲ್ಲಿ ಬರೆದಿಲ್ಲ.

ಮಾರ್ಚ್ ೨೭

ಎಂಟಕ್ಕೆ ೬೪. ಐದಕ್ಕೆ ೭೬.

ಗುರುಸಿದ್ದಯ್ಯನವರು ಹಾಳೆ ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು. "ಲಕ್ಷ್ಮೀಪತಿ, ಏನ್ರೀ ಇದು! ಫೆಬ್ರವರೀಲಿ ಐವತ್ತೆಂಟು ದಾಟಿರ್ಲಿಲ್ಲ. ನೀವೇನಾದ್ರೂ ಹೊದಿಕೆ ಬದಲಾಯ್ಸಿದ್ರಾ?"

"ಇಲ್ಲ ಸಾರ್."

"ಮತ್ತೆ?"

ಬಿಸಿಲು ಜೋರಾಗಿದೆ ಎಂದೆ. ನಿಜ ಬೇರೆ. ಡ್ರಮ್ಮಿನಿಂದ ಯಾರೂ ಒಂದು ಚೊಂಬು ನೀರು ತೆಗೆಯುತ್ತಿಲ್ಲ, ಅದೇ ನೀರು ದಿನಾ ಮತ್ತೆ ಮತ್ತೆ ಕಾಯುತ್ತಿದೆ. ಮಗುವಿಗೆ ಎರೆಯುವ ಮನೆಯಾಗಿದ್ದರೆ ಇಷ್ಟು ಬಿಸಿ ಉಳಿಯುತ್ತಿರಲಿಲ್ಲ. ಅವರು ನನ್ನ ಭುಜ ತಟ್ಟಿ, ಕಷ್ಟದಲ್ಲೂ ಕೆಲಸ ಬಿಡಲಿಲ್ಲ ನೀವು ಎಂದರು.

ಲ್ಯಾಬಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಲ್ಲಿ ಅತ್ತೆ. ಗಂಡಸು ಅಳುವುದನ್ನು ಬರೆದಿಡಬಾರದು ಅಂತೇನಿಲ್ಲ, ಇದನ್ನು ಯಾರೂ ತಿದ್ದುವುದಿಲ್ಲವಲ್ಲ.

ಏಪ್ರಿಲ್ ೩

ಐದಕ್ಕೆ ೭೭.

ಅಕ್ಕಯ್ಯಮ್ಮ ಹೋಗುವಾಗ ಗೇಟಿನ ತನಕ ಹೋಗಿ ಮಾತಾಡಿಸಿದೆ. ಬೇಕಾದರೆ ಅರಿಸಿನ ಕುಂಕುಮ ಹಾಕಿ ಆ ಡ್ರಮ್ಮಿಗೆ ಪೂಜೆ ಮಾಡಿಸುತ್ತೇನೆ, ಒಂದು ಸಲವಾದರೂ ಆ ನೀರು ಹಾಕಮ್ಮ ಎಂದೆ. ತಮಾಷೆಯಾಗಿಯೇ ಅಂದದ್ದು.

ಅವಳು ನಗಲಿಲ್ಲ. "ನಾನಾ ಬ್ಯಾಡ ಅಂದಿದ್ದು? ನಂಗೇನ್ ಸಾಮಿ, ಸೌದೆ ಊದೋದು ತಪ್ತಿತ್ತು. ಮೊದ್ಲ ದಿನಾನೇ ಆ ನಲ್ಲೀಗ್ ಕೈ ಹಾಕ್ದೆ. ಅವ್ವ ನನ್ ಕೈ ಹಿಡ್ಕೊಂಬಿಟ್ರು. ಆ ನೀರು ನನ್ ಮೈಮೇಲ್ ಬೀಳೋದ್ ಬ್ಯಾಡ ಅಂದ್ರು."

"ಯಾಕಂತೆ?"

"ನಂಗ್ ಕೇಳ್ತೀರಾ?" ಎಂದು ಸೆರಗು ಹೊದ್ದು ನಡೆದಳು.

ಇವತ್ತು ಎಂಟರ ಅಳತೆ ಮರೆತೆ. ಹೇಗೆ ಮರೆತೆನೋ ಗೊತ್ತಿಲ್ಲ.

ಏಪ್ರಿಲ್ ೧೦, ಯುಗಾದಿ

ನಮಗೆ ಈ ವರ್ಷ ಹಬ್ಬವಿಲ್ಲ. ಆದರೂ ಅಭ್ಯಂಜನವಾದರೂ ಆಗಲಿ ಎಂದು ಎಣ್ಣೆ ಹಚ್ಚಿಕೊಂಡು, ಡ್ರಮ್ಮಿನ ನೀರು ಒಂದು ಬಕೆಟ್ ಹಿಡಿದೆ. ಹೊಗೆಯಾಡುತ್ತಿತ್ತು. ಚೊಂಬು ಅದ್ದಿ ತಲೆಯವರೆಗೆ ಎತ್ತಿದೆ. ಸುರಿದುಕೊಳ್ಳಲು ಆಗಲಿಲ್ಲ. ಕೊನೆಗೆ ತೊಟ್ಟಿಯ ತಳದಲ್ಲಿ ಉಳಿದಿದ್ದ ತಣ್ಣೀರಲ್ಲಿ ಸೀಗೆಪುಡಿ ಉಜ್ಜಿಕೊಂಡು ಹೊರಬಂದೆ, ಜಿಡ್ಡು ಇನ್ನೂ ಹೋಗಿಲ್ಲ.

ನಾಲ್ಕು ದಿನದಿಂದ ಮತ್ತೆ ನಲ್ಲಿಯಿಲ್ಲ. ತೊಟ್ಟಿ ಬರಿದಾದ ಮೇಲೆ ಅಕ್ಕಯ್ಯಮ್ಮ ಡ್ರಮ್ಮಿನ ನೀರಲ್ಲಿ ನೆಲ ಸಾರಿಸಿದಳು, ಪಾತ್ರೆ ತೊಳೆದಳು. ನಾನು ಬೇಡ ಅನ್ನಲಿಲ್ಲ.

ಪದ್ಮನಾಭ ಬಂದು ಊಟ ಮಾಡದೆ ಹೋದ. ನಲವತ್ತು ದಿನ ಮುಗಿದ ಮೇಲೆ, ಇಪ್ಪತ್ತನೇ ತಾರೀಕು ತಂಗಿಯನ್ನು ಕರೆದುಕೊಂಡು ಹೋಗುತ್ತಾನಂತೆ. ಎಷ್ಟು ದಿನಕ್ಕೆ ಎಂದು ಕೇಳಿದೆ. "ಅವಳಿಷ್ಟ ಭಾವ" ಎಂದ.

ಆವತ್ತಿನಿಂದ ಅವಳು ನನ್ನನ್ನು ಒಂದು ಸಲವೂ 'ರೀ' ಎಂದು ಕರೆದಿಲ್ಲ. ಇದನ್ನು ಬರೆಯುವಾಗ ಲೆಕ್ಕ ಹಾಕಿದೆ, ಮೂವತ್ತಮೂರು ದಿನ.

ಏಪ್ರಿಲ್ ೧೨, ಎರಡನೆಯ ಶನಿವಾರ

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಡ್ರಮ್ಮು ಖಾಲಿಯಾಗಿತ್ತು, ಪ್ಯಾನೆಲ್ಲು ಒಣಗಿ ಕಾದಿತ್ತು. ಹನ್ನೆರಡೂವರೆಯ ಸುಮಾರಿಗೆ ಕೊಳವೆಯಲ್ಲಿ ಗಾಳಿಯ ಸದ್ದು ಬಂತು. ಗೋಣಿ ಹೊದಿಸಲು ಎತ್ತಿಕೊಂಡಿದ್ದೆ, ಇನ್ನೊಂದು ಕೈ ನಲ್ಲಿಯ ಮೇಲಿತ್ತು.

ಕೆಳಗಿನಿಂದ "ರೀ" ಎಂದಳು.

ಜೋರಾಗೇನೂ ಅಲ್ಲ. ಗೋಣಿ ಎಲ್ಲಿ ಬಿತ್ತೋ ಗೊತ್ತಿಲ್ಲ. ನಲ್ಲಿ ಮುಚ್ಚಿದೆ ಎಂದುಕೊಂಡೆ, ಅವಸರದಲ್ಲಿ ಪೂರ್ತಿ ತೆರೆದುಬಿಟ್ಟಿದ್ದೆ ಎಂದು ಆಮೇಲೆ ಗೊತ್ತಾಯಿತು. ಮೆಟ್ಟಿಲಲ್ಲಿ ಕಾಲು ಜಾರಿ ಮಂಡಿ ತರಚಿತು. ಒಳಗೆ ಬಂದು ನೋಡಿದರೆ ವತ್ಸಲಾ ಹಜಾರದ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಆವತ್ತು ನಾನು ಇಳಿದು ಬಂದಾಗ ಅವಳು ಬಿದ್ದಿದ್ದ ಜಾಗದಲ್ಲೇ.

"ಏನಾಯ್ತು? ಏನಾಯ್ತು ವತ್ಸಲಾ?"

"ಏನೂ ಆಗಿಲ್ಲ" ಎಂದಳು. "ಕರೆದ್ರೆ ಬರ್ತೀರೋ ಇಲ್ವೋ ನೋಡ್ದೆ."

ನಾನು ಎದುರಿಗೆ ಕೂತೆ. ಏದುಸಿರು ಬರುತ್ತಿತ್ತು. ಅಷ್ಟರಲ್ಲಿ ಮೇಲೆ ಒಂದು ಸದ್ದಾಯಿತು, ಆವಿ ಬುಸ್ಸೆಂದಿತು, ಗಾಜು ಚೂರುಚೂರಾಗಿ ಬಿದ್ದದ್ದು ಕೇಳಿಸಿತು. ಚಾವಣಿಯ ನೀರು ಕಿಟಕಿಯ ಮುಂದೆ ಧಾರೆಯಾಗಿ ಇಳಿಯತೊಡಗಿತು. ಇಬ್ಬರೂ ಅದನ್ನು ನೋಡಿದೆವು.

"ಹೋಯ್ತು ನಿಮ್ಮ ಪ್ಯಾನೆಲ್ಲು."

"ಹೋಗಲಿ."

"ನಲ್ಲಿ ಮುಚ್ಚಿ ಬನ್ನಿ, ನೀರು ಪೋಲಾಗುತ್ತೆ."

"ಆಗಲಿ" ಎಂದೆ. ಎದ್ದು ಹೋದರೆ ಮತ್ತೆ ಕರೆಯುತ್ತಾಳೋ ಇಲ್ಲವೋ ಎಂಬ ಭಯ.

ಅವಳು ಕಿಟಕಿಯಿಂದ ನನ್ನ ಕಡೆಗೆ ತಿರುಗಿದಳು. "ಆವತ್ತು ಡಾಕ್ಟರಮ್ಮಂಗೆ ಹತ್ತು ನಿಮಿಷ ಅಂದ್ರಿ."

"ಹೂಂ."

"ಎಷ್ಟು ಹೊತ್ತು?"

ಆವತ್ತು ನಲ್ಲಿ ಮುಚ್ಚಿ ಇಳಿಯಬಹುದಿತ್ತು. ಒಂದು ದಿನದ ಅಳತೆ ತಪ್ಪುತ್ತಿತ್ತು, ಅಷ್ಟೇ. ಇದನ್ನು ಅವಳಿಗೆ ಹೇಳಿದೆ. ಎರಡು ಸಲ ಕರೆದದ್ದೂ ಕೇಳಿಸಿತ್ತು, ಊಟಕ್ಕೆ ಎಂದುಕೊಂಡೆ, ಅದನ್ನೂ ಹೇಳಿದೆ. ಹೇಳುವಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು. "ನಲವತ್ತು ನಿಮಿಷ" ಎಂದೆ.

ಅವಳು ತಲೆ ಎತ್ತಿ ಗಡಿಯಾರ ನೋಡಿದಳು. ಅವಳು ಕೂತ ಜಾಗಕ್ಕೆ ಅದು ಸರಿಯಾಗಿ ಎದುರಿಗಿದೆ.

"ನಲವತ್ತೆರಡು" ಎಂದಳು.

ಈಗ ಹಿಂದಿನ ಹಾಳೆ ತಿರುಗಿಸಿ ನೋಡಿದೆ. ಹನ್ನೆರಡು ಇಪ್ಪತ್ತರಿಂದ ಒಂದು ಗಂಟೆ ಎರಡು ನಿಮಿಷ. ಅವಳ ಲೆಕ್ಕ ಸರಿಯಾಗಿದೆ.

ಏಪ್ರಿಲ್ ೨೦

ಗುರುಸಿದ್ದಯ್ಯನವರು ಇನ್ನೊಂದು ಪ್ಯಾನೆಲ್ ಮಾಡೋಣ ಎಂದರು. ನಮ್ಮ ಮನೆಯ ಮೇಲೆ ಬೇಡ ಎಂದೆ. ಒಂದು ಗಂಟೆಯ ಅಳತೆಗಳು ನಾನು ಹುಟ್ಟಿಸಿದ್ದು, ಐದರವು ಯಾರೂ ಮೀಯದ ನೀರಿನವು ಎಂದೂ ಹೇಳಿದೆ. ಅವರಿಗೆ ಬೇಸರವಾಯಿತು. ವರದಿಯಲ್ಲಿ ನನ್ನ ಹೆಸರು ಇರುವುದಿಲ್ಲ.

ಅಕ್ಕಯ್ಯಮ್ಮನಿಗೆ ಜ್ವರ ಬಂದು ನಾಲ್ಕು ದಿನದಿಂದ ಹಂಡೆಯ ಒಲೆ ನಾನೇ ಹೊತ್ತಿಸುತ್ತಿದ್ದೇನೆ. ಮೊದಲ ದಿನ ಹೊಗೆಯೇ ಜಾಸ್ತಿಯಾಯಿತು. ಈ ಬೆಳಿಗ್ಗೆ ಚೆನ್ನಾಗಿ ಹತ್ತಿತು. ಮೊಣಕೈ ಅದ್ದಿ ನೋಡಿ, ಹದವಾಗಿದೆ ಎಂದು ಬಾಗಿಲ ಹೊರಗಿನಿಂದ ಹೇಳಿದೆ. ಒಳಗೆ ನೀರು ಸುರಿದುಕೊಳ್ಳುವ ಸದ್ದು ಬಹಳ ಹೊತ್ತು ಕೇಳಿಸಿತು. ನಡುವೆ ಅಳುವ ಸದ್ದೂ ಇತ್ತು. ಬಾಗಿಲ ಹತ್ತಿರವೇ ನಿಂತಿದ್ದೆ.

ಹತ್ತು ಗಂಟೆಗೆ ಪದ್ಮನಾಭ ಆಟೋ ತಂದ. ಅವಳ ಬಟ್ಟೆಯ ಜೊತೆ ಮಗುವಿಗೆಂದು ಹೊಲಿದಿಟ್ಟ ಕುಲಾವಿಯೂ ಪೆಟ್ಟಿಗೆಯಲ್ಲಿ ಹೋಯಿತು. ಆಟೋ ಹತ್ತಿ ಕೂತು, "ಹೋಗಿಬರ್ತೀನಿ ರೀ" ಎಂದಳು. ಹೋಗುವವರೆಲ್ಲ ಹಾಗೇ ಹೇಳುತ್ತಾರೆ. ಯಾವಾಗ ಎಂದು ನಾನು ಕೇಳಲಿಲ್ಲ.

ಒಳಗೆ ಬಂದೆ. ಹಂಡೆಯ ತಳದಲ್ಲಿ ಅವಳು ಮಿಂದು ಉಳಿದ ನೀರು ಒಂದೆರಡು ಬಕೆಟ್ ಇತ್ತು. ಅದು ಆರುವ ಮೊದಲು ನಾನೂ ಮಿಂದೆ.